ಕ್ರಿಸ್ಟಾ ಒಳಗೆ ಮಲಗೋ ಮಂಚ, ಕೆಳಗೆ ಸಾಮಾನಿನ ಜಾಗ: 18 ಎಂಎಂ ಪ್ಲೈ ಬೇಕಾ? ಡ್ರಾಯರ್ ಬೇಕಾ?

ಚಕ್ರ_ಚಾಪೆ
ಎಲ್ಲರಿಗೂ ನಮಸ್ಕಾರ. ಗಾಡಿ ಇನ್ನೋವಾ ಕ್ರಿಸ್ಟಾ, 7 ಸೀಟರ್, ಎರಡನೇ ಸಾಲಲ್ಲಿ ಕ್ಯಾಪ್ಟನ್ ಸೀಟು. ಹಿಂದೆ ಇಬ್ಬರು ಮಲಗೋ ಹಾಗೆ ಒಂದು ಮಂಚ, ಅದರ ಕೆಳಗೆ ಒಲೆ, ನೀರು, ಬಟ್ಟೆ, ಪಾತ್ರೆಗೆ ಜಾಗ ಮಾಡಿಸ್ಬೇಕು. ವಾರದ ದಿನ ಗಾಡಿ ಮನೆ ಓಡಾಟಕ್ಕೆ ಬೇಕೇ ಬೇಕು, ಹಾಗಾಗಿ ಎಲ್ಲ ಬಿಚ್ಚಿ ಕೆಳಗಿಡೋ ಹಾಗಿರ್ಬೇಕು.

ಬಡಗಿ ಹೇಳ್ತಿರೋದು: 18 ಎಂಎಂ ಪ್ಲೈವುಡ್, ಉದ್ದಕ್ಕೆ ಎರಡು ಡ್ರಾಯರ್, ಮೇಲೆ ಮೈಕಾ. ನನ್ನ ಪ್ರಶ್ನೆಗಳು: 18 ಬೇಕಾ, 12 ಸಾಕಾ? ಡ್ರಾಯರ್ ಸರಿನಾ, ಮುಚ್ಚಳದ ಪೆಟ್ಟಿಗೆ ಸರಿನಾ? ಮೂರನೇ ಸಾಲಿನ ಸೀಟು ಬಿಚ್ಚಿದ್ರೆ ಕಾನೂನಿನ ತೊಂದರೆ ಇದೆಯಾ? ಬೆಂಗಳೂರಲ್ಲಿ ಸಾಮಾನು ಎಲ್ಲಿ ತಗೊಳ್ಳೋದು?

ನಟ್_ಬೋಲ್ಟ್
12 ಸಾಕು. 18 ಬೇಡವೇ ಬೇಡ.

ಟಿಂಬರ್_ಯಾರ್ಡ್
ಮೇಲಿನವರು ಒಂದು ಸಾಲಲ್ಲಿ ಹೇಳಿದ್ದಕ್ಕೆ ಲೆಕ್ಕ ಕೊಡ್ತೀನಿ. 8x4 ಅಡಿಯ 18 ಎಂಎಂ ಶೀಟು ಸುಮಾರು 35 ಕಿಲೋ ತೂಗುತ್ತೆ, 12 ಎಂಎಂ ಸುಮಾರು 23. ನಿಮ್ಮ ಬಡಗಿ ಹೇಳಿದ ಹಾಗೆ ಮಾಡಿದ್ರೆ ಎರಡು ಶೀಟು, ಡ್ರಾಯರ್ ಪೆಟ್ಟಿಗೆ, ಅದು ಜಾರೋ ಚಾನೆಲ್ಲು ಎಲ್ಲ ಸೇರಿ 70 ಕಿಲೋ ಆರಾಮಾಗಿ ದಾಟುತ್ತೆ. ಅದರ ಮೇಲೆ ಮೈಕಾ ಬೇರೆ. 1 ಎಂಎಂ ಮೈಕಾ ಒಂದು ಶೀಟಿಗೆ 4 ಕಿಲೋ. ಒಂದೇ ಮುಖಕ್ಕೆ ಮೈಕಾ ಅಂಟಿಸಿದ್ರೆ ಪ್ಲೈ ಬಾಗುತ್ತೆ, ಹಿಂದಿನ ಮುಖಕ್ಕೂ ಬ್ಯಾಲೆನ್ಸಿಂಗ್ ಶೀಟು ಹಾಕ್ಬೇಕು. ಮನೆ ವಾರ್ಡ್‌ರೋಬಿನ ಲೆಕ್ಕ ಗಾಡಿಗೆ ಬರಲ್ಲ.

ಪ್ಲೈ ಬಲ ದಪ್ಪದಲ್ಲಿ ಮಾತ್ರ ಇಲ್ಲ, ಕೆಳಗಿನ ಆಧಾರ ಎಷ್ಟು ಹತ್ತಿರ ಇದೆ ಅನ್ನೋದರಲ್ಲಿ ಇದೆ. ನಾಲ್ಕೂ ಅಂಚಿಗೆ ಆಧಾರ ಕೊಟ್ಟು, ನಡುವೆ 500ರಿಂದ 600 ಎಂಎಂಗಿಂತ ಜಾಸ್ತಿ ಖಾಲಿ ಬಿಡದಿದ್ರೆ 12 ಎಂಎಂ ಮೇಲೆ ಮೊಣಕಾಲೂರಿ ಕೂತ್ರೂ ಏನಾಗಲ್ಲ. ಇನ್ನೊಂದು, ಮೇಲ್ಮುಖದ ಮರದ ಎಳೆ ಯಾವ ಕಡೆ ಓಡುತ್ತೆ ನೋಡಿ. ಆಧಾರದಿಂದ ಆಧಾರಕ್ಕೆ ಎಳೆ ಓಡ್ಬೇಕು. ಅಡ್ಡ ಕೊಯ್ಸಿದ್ರೆ ಅದೇ 12 ಎಂಎಂ ಬಾಗುತ್ತೆ, ಆಮೇಲೆ ಪ್ಲೈ ಕಳಪೆ ಅಂತ ಅಂಗಡಿಯವನನ್ನ ಬೈತಾರೆ.

ಗ್ರೇಡು: ಐಎಸ್ 710 ಮುದ್ರೆ ಇರೋ ಮೆರೀನ್ (ನೀರು ತಡೆಯೋ ಪ್ಲೈ) ತಗೊಳ್ಳಿ. ಐಎಸ್ 303 ಬಿಡಬ್ಲ್ಯೂಆರ್ ಕೂಡ ನಡೆಯುತ್ತೆ, ಆದ್ರೆ ಗಾಡಿ ಒಳಗೆ ಒದ್ದೆ ಶೂ, ಒದ್ದೆ ಟಾರ್ಪಾಲು ಎಲ್ಲ ಬರುತ್ತೆ. ವಾಸನೆ ವಿಷಯಕ್ಕೆ ಇ0 ಅಥವಾ ಇ1 (ಅಂಟಿಂದ ಕಮ್ಮಿ ಅನಿಲ ಬಿಡೋ ಗ್ರೇಡು) ಅಂತ ಬರೆದಿರೋದೇ ಕೇಳಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಅಂಟಿನ ಫಾರ್ಮಾಲ್ಡಿಹೈಡು ಕಣ್ಣು ಉರಿಸುತ್ತೆ.

ಎಂಟನೇ_ಗೇರ್
ಪ್ಲೈ ಯಾಕೆ ಸ್ವಾಮಿ, ಅಲ್ಯೂಮಿನಿಯಂ ಫ್ರೇಮ್ ಮಾಡ್ಸಿ. ಪೀಣ್ಯದಲ್ಲಿ ಟಿ ಸ್ಲಾಟ್ ಪ್ರೊಫೈಲು (ಉದ್ದಕ್ಕೂ ಬೋಲ್ಟ್ ಕೂರೋ ಸೀಳಿರೋ ಪಟ್ಟಿ) ಅಳತೆಗೆ ಕಟ್ ಮಾಡಿ ಕೊಡ್ತಾರೆ. ಅಲೆನ್ ಕೀ ಒಂದಿದ್ರೆ ಮನೆಯಲ್ಲೇ ಜೋಡಿಸ್ಬಹುದು.

ಧಾರವಾಡದಂವ
ಕಬ್ಬಿಣದ ಚೌಕ ಪೈಪ್ ವೆಲ್ಡ್ ಮಾಡಿಸ್ರಿ, ಮುಗೀತು. 25x25, 1.6 ಎಂಎಂ ದಪ್ಪ. ಗಟ್ಟಿ ಇರ್ತೈತಿ, ಅಲುಗಾಡೂದಿಲ್ಲ, ಸಸ್ತಾನೂ ಹೌದು.

ಎಂಟನೇ_ಗೇರ್
ಆ ಪೈಪು ಮೀಟರಿಗೆ 1.17 ಕಿಲೋ. ಅದೇ ಅಳತೆ ಅಲ್ಯೂಮಿನಿಯಂ ಮೀಟರಿಗೆ 400 ಗ್ರಾಂ. ಒಂದು ಮಂಚಕ್ಕೆ 15 ಮೀಟರ್ ಹಿಡಿದ್ರೆ 17 ಕಿಲೋಗೆ 6 ಕಿಲೋ. ಮೇಲೆ ಹಲಗೆ ಬೇರೆ ಬೇಕು.

ಧಾರವಾಡದಂವ
ಖರೆ. ಆದ್ರ ಅಲ್ಯೂಮಿನಿಯಂ ವೆಲ್ಡ್ ಎಲ್ಲಾರ ಕೈಯಾಗೂ ಆಗೂದಿಲ್ಲ. ಬೋಲ್ಟ್ ಹಾಕಿದ್ರ ಕಚ್ಚಾ ರೋಡಿನ್ಯಾಗ ಸಡಲಾಗ್ತಾವ. ಕಬ್ಬಿಣಕ್ಕ ಒಂದು ಕೋಟ್ ರೆಡ್ ಆಕ್ಸೈಡ್ ಬಳದು ಪೇಂಟ್ ಹಚ್ರಿ, ತುಕ್ಕು ತಡೀತೈತಿ.

ನಟ್_ಬೋಲ್ಟ್
ಬೋಲ್ಟ್ ಸಡಿಲ ಆಗೋದು ಸ್ಪ್ರಿಂಗ್ ವಾಷರ್ ನಂಬಿದ್ರೆ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರೋದು) ಹಾಕಿ, ಬಿಚ್ಚಿ ಹಾಕೋ ಕಡೆ ನೀಲಿ ಥ್ರೆಡ್ ಲಾಕರ್ (ಥ್ರೆಡ್ ಹಿಡಿಯೋ ಅಂಟು) ಒಂದು ಹನಿ. ಟಿ ಸ್ಲಾಟ್ ಒಳಗೆ ನೈಲಾಕ್ ಕೂರಲ್ಲ, ಅಲ್ಲಿ ಥ್ರೆಡ್ ಲಾಕರೇ ಗತಿ. ಮೊದಲ ಪ್ರಯಾಣ ಆದ್ಮೇಲೆ ಎಲ್ಲ ಬೋಲ್ಟಿಗೂ ಒಂದು ಸುತ್ತು ಸ್ಪ್ಯಾನರ್ ಹಾಕಿ, ಆಮೇಲೆ ಮಾರ್ಕರಿಂದ ನಟ್ಟು ಫ್ರೇಮು ಸೇರೋ ಕಡೆ ಒಂದು ಗೆರೆ ಎಳೀರಿ. ಗೆರೆ ತಪ್ಪಿದ್ರೆ ಸಡಿಲ ಆಗ್ತಿದೆ ಅಂತ ಕಣ್ಣಿಗೇ ಗೊತ್ತಾಗುತ್ತೆ.

ಟಿಂಬರ್_ಯಾರ್ಡ್
ಫ್ರೇಮಿನ ಜಗಳ ಇಲ್ಲಿಗೆ ಬಿಡಿ. ಪ್ರಶ್ನೆ ಕೇಳಿದವರು ವಾರಕ್ಕೊಮ್ಮೆ ಬಿಚ್ಚಿ ಕೆಳಗಿಡ್ತಾರಂತೆ. ಹಾಗಾದ್ರೆ ಒಂದೇ ನಿಯಮ: ಯಾವ ತುಂಡೂ 15 ಕಿಲೋ ಮೀರ್ಬಾರದು, ಹಿಂಬಾಗಿಲಿಂದ ಒಬ್ಬರೇ ಎತ್ತಿ ಇಳಿಸೋ ಹಾಗಿರ್ಬೇಕು. ಪ್ಲೈ ಪೆಟ್ಟಿಗೆಯೇ ಫ್ರೇಮಿನ ಕೆಲಸ ಮಾಡುತ್ತೆ, ಒಳಗೆ ಮತ್ತೊಂದು ಫ್ರೇಮು ಯಾಕೆ?

ನಕ್ಷೆ ಹೀಗೆ. ಮಂಚ 1800 ಎಂಎಂ ಉದ್ದ, 1100 ಎಂಎಂ ಅಗಲ ಅಂತ ಇಟ್ಕೊಳ್ಳಿ (ಅಗಲ ನಿಮ್ಮ ವೀಲ್ ಆರ್ಚ್, ಅಂದ್ರೆ ಒಳಗೆ ಉಬ್ಬಿರೋ ಚಕ್ರದ ಗೂಡುಗಳ ನಡುವೆ ಅಳೆದು ಬದಲಿಸಿ). ಅದನ್ನ 900x550ರ ನಾಲ್ಕು ತುಂಡು ಮಾಡಿ. ಹಿಂದಿನ ಎರಡು ಪೆಟ್ಟಿಗೆ, ಮುಂದಿನ ಎರಡು ಬರೀ ಹಲಗೆ. ನಾಲ್ಕೂ ಮೇಲುಹಲಗೆ ಒಂದೇ 8x4 ಶೀಟಲ್ಲಿ ಬರುತ್ತೆ, ಎಳೆ 900 ಕಡೆಗೆ ಓಡುತ್ತೆ.

ಪೆಟ್ಟಿಗೆ ಎತ್ತರ 250. ಎರಡು ಬದಿ, ಮುಂದೊಂದು ಗೋಡೆ, ಹಿಂಬಾಗಿಲಿಂದ 620 ಎಂಎಂ ಒಳಗೆ ಒಂದು ಅಡ್ಡ ಗೋಡೆ, ತಳಕ್ಕೆ 6 ಎಂಎಂ. ಹಿಂಬಾಗಿಲ ಕಡೆ ಪೂರ್ತಿ ತೆರೆದಿರ್ಲಿ, ಆ ಅಂಚಿನ ಕೆಳಗೆ 25x25x3 ಅಲ್ಯೂಮಿನಿಯಂ ಆಂಗಲ್ ಕೊಡಿ, ಇಲ್ಲಾಂದ್ರೆ ಅಂಚಲ್ಲಿ ಕೂತಾಗ ಬಾಗುತ್ತೆ. ಒಂದು ಪೆಟ್ಟಿಗೆ ಸುಮಾರು 12 ಕಿಲೋ ಆಗುತ್ತೆ. 12 ಎಂಎಂ ಎರಡು ಶೀಟಲ್ಲಿ ಎಲ್ಲ ಮುಗಿದು ಮಿಕ್ಕುತ್ತೆ, 6 ಎಂಎಂ ಅರ್ಧ ಶೀಟು ಸಾಕು.

ಜೋಡಣೆಗೆ ಮೆರೀನ್ ಫೆವಿಕಾಲ್ ಜೊತೆ 4x40 ಚಿಪ್‌ಬೋರ್ಡ್ ಸ್ಕ್ರೂ, 150 ಎಂಎಂಗೊಂದು. ಮೊದಲು 2.5 ಎಂಎಂ ಡ್ರಿಲ್ ಹೊಡೀಲೇಬೇಕು. ಪ್ಲೈ ಅಂಚಿಗೆ ನೇರ ಸ್ಕ್ರೂ ಬಿಟ್ರೆ ಪದರ ಬಿಚ್ಚಿಕೊಳ್ಳುತ್ತೆ. ಬಿಗಿಯಾಗೋದು ಅಂಟಿಂದ, ಸ್ಕ್ರೂ ಇರೋದು ಅಂಟು ಒಣಗೋವರೆಗೆ ಹಿಡಿಯೋಕೆ.

ಚಕ್ರ_ಚಾಪೆ
ಇದು ಚೆನ್ನಾಗಿದೆ. ಆದ್ರೆ ಮುಂದಿನ ಹಲಗೆ ಯಾವುದರ ಮೇಲೆ ನಿಲ್ಲುತ್ತೆ? ಅಲ್ಲಿ ಎರಡನೇ ಸಾಲಿನ ಸೀಟು ಇದೆಯಲ್ಲ.

ಹಿಂದಿನ_ಸೀಟು
ಕ್ರಿಸ್ಟಾದಲ್ಲಿ ಮಂಚದ ಎತ್ತರ ತೀರ್ಮಾನ ಆಗೋದೇ ಅಲ್ಲಿ. ಎರಡನೇ ಸಾಲನ್ನ ಮುಂದಕ್ಕೆ ಟಂಬಲ್ ಮಾಡಿ (ಮಡಚಿ ಮಗುಚಿ) ನಿಲ್ಲಿಸಿದ್ರೆ ಉದ್ದ ಸಾಲಲ್ಲ, ಕಾಲು ಚಾಚೋಕೆ ಆಗಲ್ಲ. ಹಾಗಾಗಿ ಸೀಟನ್ನ ಪೂರ್ತಿ ಮುಂದೆ ತಳ್ಳಿ, ಬೆನ್ನು ಮಡಚಿ, ಅದರ ಮೇಲೆ ಹಲಗೆ ಬರ್ಬೇಕು. ಮಡಚಿದ ಬೆನ್ನಿನ ಅತಿ ಎತ್ತರದ ಜಾಗ ಹಿಂದಿನ ನೆಲದಿಂದ ಎಷ್ಟು ಅಂತ ಅಳೀರಿ. ಮಂಚ ಅದಕ್ಕಿಂತ ಕೆಳಗೆ ಬರೋ ಹಾಗಿಲ್ಲ. ಮೇಲಿನವರ 250 ಅನ್ನೋದನ್ನ ಕಣ್ಣು ಮುಚ್ಚಿ ಕೊಯ್ಸ್ಬೇಡಿ.

ಅದೇ ಹೊತ್ತಲ್ಲಿ ಸೀಲಿಂಗಿಂದ ಕೆಳಗೂ ಅಳೀರಿ. ತಲೆ ಬಗ್ಗಿಸದೆ ಕೂರೋಕೆ ಹಾಸಿಗೆ ಮೇಲಿಂದ ಹತ್ತಿರ ಹತ್ತಿರ 90 ಸೆಂಮೀ ಬೇಕು. ಅದು ಸಿಗದಿದ್ರೆ ಮಲಗೋಕೆ ಮಾತ್ರ ಅಂತ ಒಪ್ಪಿಕೊಂಡು, ಬಟ್ಟೆ ಬದಲಿಸೋದು, ಊಟ ಎಲ್ಲ ಹಿಂಬಾಗಿಲ ಕೆಳಗೆ ಅಂತ ಇಟ್ಕೊಳ್ಳಿ.

ಹಲಗೆ ಭಾರ ಸೀಟಿನ ಮೇಲೆ ಹಾಕ್ಬೇಡಿ, ಫೋಮು ಒತ್ತಿಕೊಂಡು ಹಲಗೆ ಓಲಾಡುತ್ತೆ. ಒಂದು ತುದಿ ಪೆಟ್ಟಿಗೆಗೆ ಹಿಂಜ್, ಇನ್ನೊಂದು ತುದಿಗೆ ನೆಲ ಮುಟ್ಟೋ ಮಡಚು ಕಾಲು. ಕಾಲಿನ ತಳಕ್ಕೆ 50x50 ಪ್ಯಾಡು ಹಾಕಿ, ಇಲ್ಲಾಂದ್ರೆ ಕಾರ್ಪೆಟ್ ತೂತಾಗುತ್ತೆ. 900 ಎಂಎಂ ದೂರಕ್ಕೆ ಬರೀ 12 ಎಂಎಂ ಪ್ಲೈ ಬಾಗುತ್ತೆ, ಹಲಗೆ ಕೆಳಗೆ ಉದ್ದಕ್ಕೆ 40x20 ಅಲ್ಯೂಮಿನಿಯಂ ಟ್ಯೂಬು ಎರಡೆರಡು ಬೋಲ್ಟ್ ಮಾಡಿ. 1.5 ಎಂಎಂ ದಪ್ಪದ್ದಾದ್ರೆ ಒಂದು ಹಲಗೆಗೆ ಒಂದು ಕಿಲೋ ಒಳಗೆ ಬರುತ್ತೆ.

ನಟ್_ಬೋಲ್ಟ್
ಪಿಯಾನೋ ಹಿಂಜ್ ಬೇಡ, ಪಿನ್ ಎಳೆದು ಬಿಚ್ಚೋ ಹಿಂಜ್ ಹಾಕ್ಸಿ. ಇಲ್ಲಾಂದ್ರೆ ಪೆಟ್ಟಿಗೆ ಜೊತೆ ಹಲಗೆನೂ ಹೊರಬೇಕು, 15 ಕಿಲೋ ಲೆಕ್ಕ ತಪ್ಪುತ್ತೆ.

ಬಸವನಗುಡಿ_ಬಸ್
ಮೊದಲು ಹಳೇ ಫ್ರಿಡ್ಜ್ ಡಬ್ಬದ ರಟ್ಟಲ್ಲಿ ಪೂರ್ತಿ ಅಳತೆಗೆ ಮಾಡಿ ಒಳಗಿಟ್ಟು ನೋಡಿ. ಗಾಡಿ ಒಳಮೈ ಎಲ್ಲೂ ನೇರ ಇಲ್ಲ. ನೆಲದಲ್ಲಿ ಇರೋ ಅಗಲ ಒಂದಡಿ ಮೇಲೆ ಇರಲ್ಲ. ಹಿಂಬಾಗಿಲು ಮುಚ್ಚೋವಾಗ ಒಳಗಿನ ಪ್ಲಾಸ್ಟಿಕ್ ಟ್ರಿಮ್ಮು ಮುಂದಕ್ಕೆ ಎಷ್ಟು ಬರುತ್ತೆ ಅನ್ನೋದನ್ನ ಯಾರೂ ಅಳೆಯಲ್ಲ, ಪೆಟ್ಟಿಗೆ ಅಂಚು ಅಲ್ಲೇ ಬಡಿಯೋದು.

ಸಂಪಿಗೆ_ರಸ್ತೆ
ಡ್ರಾಯರ್ ಬಗ್ಗೆ ಯಾರೂ ಹೇಳ್ಲಿಲ್ಲ. ನನ್ನ ವೋಟು ಡ್ರಾಯರಿಗೆ. ಮುಚ್ಚಳದ ಪೆಟ್ಟಿಗೆ ಆದ್ರೆ ರಾತ್ರಿ ಒಂದು ಟಾರ್ಚ್ ಬೇಕಂದ್ರೂ ಹಾಸಿಗೆ ಎತ್ತಿ, ಮಲಗಿದವರನ್ನ ಎಬ್ಬಿಸ್ಬೇಕು. ಹಿಂಬಾಗಿಲು ಮೇಲಕ್ಕೆ ತೆರೆಯೋ ಗಾಡಿ ಇದು. ಮಳೆ ಬಂದ್ರೂ ಅದರ ಕೆಳಗೆ ಡ್ರಾಯರ್ ಎಳೆದು ಒಲೆ ಹಚ್ಚಬಹುದು.

ಟಿಂಬರ್_ಯಾರ್ಡ್
ಅನುಕೂಲ ಒಪ್ಪಿದೆ. ಆದ್ರೆ ಟೆಲಿಸ್ಕೋಪಿಕ್ ಚಾನೆಲ್ ಮೇಲೆ ಬರೆದಿರೋ 45 ಕಿಲೋ ಅಡುಗೆಮನೆಗೆ ಬರೆದದ್ದು, ಮಣ್ಣು ರಸ್ತೆಗಲ್ಲ. ಬಾಲ್ ಬೇರಿಂಗ್ ಹಿಡಿದಿರೋ ತೆಳು ತಗಡು ಕುಲುಕಾಟಕ್ಕೆ ಬಾಗುತ್ತೆ, ಗ್ರೀಸಿಗೆ ಕೆಂಪು ಧೂಳು ಮೆತ್ತಿ ಅರ್ಧದಲ್ಲಿ ಕಚ್ಚಿಕೊಳ್ಳುತ್ತೆ. ಇಳಿಜಾರಲ್ಲಿ ನಿಲ್ಲಿಸಿ ಬಾಗಿಲು ತೆಗೆದ್ರೆ ಲಾಕ್ ಇಲ್ಲದ ಡ್ರಾಯರ್ ನೇರ ಮೊಣಕಾಲಿಗೆ ಬರುತ್ತೆ.

ಹಾಕ್ಲೇಬೇಕು ಅಂದ್ರೆ ಪ್ರತಿ ಬದಿಗೆ 12.7 ಎಂಎಂ ಸಂದು ಬಿಡಿ. ಡ್ರಾಯರಿನ ಹೊರ ಅಗಲ ಪೆಟ್ಟಿಗೆಯ ಒಳ ಅಗಲಕ್ಕಿಂತ 26 ಎಂಎಂ ಕಮ್ಮಿ ಇರ್ಬೇಕು. 24 ಆದ್ರೆ ಬಿಗಿಯಾಗುತ್ತೆ, 28 ಆದ್ರೆ ಚಾನೆಲ್ ತಪ್ಪುತ್ತೆ. ಜೊತೆಗೆ ಒಂದು ಸ್ಲ್ಯಾಮ್ ಲ್ಯಾಚ್ (ತಳ್ಳಿದ್ರೆ ತಾನೇ ಬೀಳೋ ಚಿಲಕ).

ನನ್ನ ಸಲಹೆ ಎರಡರ ನಡುವಿನದು, ಅದಕ್ಕೇ 620ಕ್ಕೆ ಅಡ್ಡ ಗೋಡೆ ಹೇಳಿದ್ದು. 600x400 ಪ್ಲಾಸ್ಟಿಕ್ ಕ್ರೇಟು ಗೊತ್ತಲ್ಲ, ತರಕಾರಿ ಮಂಡಿಯಲ್ಲಿ ಬಳಸೋದು, ಅದು ಹಿಂಬಾಗಿಲಿಂದ ನೇರ ಒಳಗೆ ಜಾರುತ್ತೆ. ತಳಕ್ಕೆ ಎರಡು ಯುಎಚ್‌ಎಂಡಬ್ಲ್ಯೂ ಅನ್ನೋ ನುಣುಪು ಪ್ಲಾಸ್ಟಿಕ್ ಪಟ್ಟಿ ಹೊಡೆದ್ರೆ ಬೆರಳಲ್ಲಿ ಎಳೀಬಹುದು. ಚಾನೆಲ್ ಇಲ್ಲ, ಕೆಡೋದು ಏನೂ ಇಲ್ಲ. ಮನೆಯಲ್ಲಿ ಸಾಮಾನು ತುಂಬಿ ಕ್ರೇಟ್ ಸಮೇತ ತಂದು ತಳ್ಳಿದ್ರೆ ಆಯ್ತು. ಅಡ್ಡ ಗೋಡೆಯ ಮುಂದೆ ಉಳಿಯೋ 280 ಎಂಎಂ ಜಾಗಕ್ಕೆ ಮಾತ್ರ ಮೇಲಿಂದ ಮುಚ್ಚಳ. ರಾತ್ರಿ ಬೇಕಾಗೋ ನೀರು, ಟಾರ್ಚು, ಔಷಧಿ ಅಲ್ಲಿ.

ಸಂಪಿಗೆ_ರಸ್ತೆ
ಕ್ರೇಟು ಬ್ರೇಕ್ ಹಾಕಿದಾಗ ಓಡಾಡಲ್ವಾ?

ಟಿಂಬರ್_ಯಾರ್ಡ್
ಮುಂದೆ ಅಡ್ಡ ಗೋಡೆ ತಡೆಯುತ್ತೆ. ಹಿಂದಕ್ಕೆ ಬರದ ಹಾಗೆ ಬಾಯಿಗೆ ಅಡ್ಡಲಾಗಿ ಒಂದು ಅಲ್ಯೂಮಿನಿಯಂ ಪಟ್ಟಿ, ಎರಡು ವಿಂಗ್ ಬೋಲ್ಟ್. ಹಿಂಬಾಗಿಲೇ ತಡೆಯುತ್ತೆ ಅಂತ ಬಿಡ್ಬೇಡಿ, ಟ್ರಿಮ್ಮಿನ ಕ್ಲಿಪ್ ಮುರಿಯುತ್ತೆ. ಪಕ್ಕದ ಸಂದಿಗೆ ಮಡಚಿದ ಟಾರ್ಪಾಲು ತುರುಕಿ.

ಸರ್ವೀಸ್_ರೋಡ್
ಎಲ್ಲರೂ ಬ್ರೇಕ್ ಬಗ್ಗೆ ಮಾತಾಡ್ತಿದೀರಿ. ಜೋರು ಬ್ರೇಕಿಗೆ ಹೆಚ್ಚೆಂದ್ರೆ 1 ಜಿ, ಅಂದ್ರೆ ಸಾಮಾನಿನ ತೂಕದಷ್ಟೇ ಬಲ. ಡಿಕ್ಕಿಯಾದ್ರೆ 20 ಜಿ ದಾಟುತ್ತೆ. 12 ಕಿಲೋ ಪೆಟ್ಟಿಗೆ, ಒಳಗೆ 20 ಕಿಲೋ ಸಾಮಾನು, ಒಟ್ಟು 32. ಅದು 640 ಕಿಲೋ ಬಲದಲ್ಲಿ ಮುಂದಿನ ಸೀಟಿಗೆ ಬಡಿಯುತ್ತೆ. ಅಂಗಡಿಯ ಎಲಾಸ್ಟಿಕ್ ಬಂಜಿ ಹಗ್ಗ ಇದಕ್ಕೆ ದಾರದ ಸಮ. ರ್‍ಯಾಚೆಟ್ ಸ್ಟ್ರಾಪೇ (ಹಿಡಿ ಆಡಿಸಿ ಬಿಗಿಯೋ ಪಟ್ಟಿ) ಬೇಕು, ಲೇಬಲ್ಲಲ್ಲಿ ಎಲ್‌ಸಿ ಅಂತ ಇರೋ ಅಂಕಿ (ತಡೆಯೋ ಬಲ) ನೋಡಿ. 250 ಡಿಎಎನ್ ಅಂದ್ರೆ ಸುಮಾರು 250 ಕಿಲೋ ಬಲ. ಓರೆಯಾಗಿ ಕಟ್ಟಿದ್ರೆ ಅಷ್ಟೂ ಸಿಗಲ್ಲ. ಹಾಗಾಗಿ ಒಂದೊಂದು ಪೆಟ್ಟಿಗೆಗೂ ಕನಿಷ್ಠ ನಾಲ್ಕು ಕಡೆ ಕಟ್ಟಬೇಕು. ಕೊಂಡಿ ಪ್ಲೈಗೆ ಸ್ಕ್ರೂ ಹೊಡೆದದ್ದಾದ್ರೆ ಕಿತ್ತು ಬರುತ್ತೆ, ಎಂ8 ಬೋಲ್ಟ್ ಆಚೆಯಿಂದ ಈಚೆಗೆ ತೂರಿಸಿ ಹಿಂದೆ ದೊಡ್ಡ ವಾಷರ್ ಕೊಡಿ.

ಎಂಟನೇ_ಗೇರ್
ಸೀಟ್ ಬೆಲ್ಟ್ ಆಂಕರ್ ಬೋಲ್ಟಿಗೇ ಕೊಂಡಿ ಹಾಕಿದ್ರೆ ಅದಕ್ಕಿಂತ ಗಟ್ಟಿ ಜಾಗ ಬೇರೆ ಇಲ್ಲ.

ಸರ್ವೀಸ್_ರೋಡ್
ಜಾಗ ಗಟ್ಟಿ ನಿಜ. ಆದ್ರೆ ಆ ಬೋಲ್ಟು ಬಹಳಷ್ಟು ಗಾಡಿಗಳಲ್ಲಿ 7/16 ಇಂಚು, ಇಂಚಿಗೆ 20 ಥ್ರೆಡ್ಡಿನ ಯುಎನ್‌ಎಫ್. ಎಂ10 ಹಾಕಿದ್ರೆ ಸಡಿಲ, ಎಂ12 ತುರುಕಿದ್ರೆ ಥ್ರೆಡ್ ಹೋಯ್ತು, ಆಮೇಲೆ ಆ ಸೀಟ್ ಬೆಲ್ಟ್ ನಂಬೋ ಹಾಗಿಲ್ಲ. ವಾರದ ದಿನ ಅದೇ ಸೀಟಲ್ಲಿ ಮನೆಯವರು ಕೂರ್ತಾರೆ. ಬೆಲ್ಟಿನ ಬೋಲ್ಟು ಮುಟ್ಟಬೇಡಿ. ನೆಲದಲ್ಲಿರೋ ಸೀಟಿನ ಬೋಲ್ಟ್ ಜಾಗ, ಲಗೇಜ್ ಹುಕ್ಕು ಬಳಸಿ. ನೆಲಕ್ಕೆ ಹೊಸ ತೂತು ಅಂತೂ ಕೊರೆಯಲೇಬೇಡಿ, ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಎಲ್ಲ ಇದೆ.

ಹಿಂದಿನ_ಸೀಟು
ಇಲ್ಲಿ ಮೂರನೇ ಸಾಲಿನ ಪ್ರಶ್ನೆ ಬರುತ್ತೆ. ಕ್ರಿಸ್ಟಾದಲ್ಲಿ ಆ ಸೀಟು ಎರಡು ಬದಿಗೆ ಎತ್ತಿ ಕಟ್ಟೋದು. ಎತ್ತಿ ಕಟ್ಟಿದ್ರೆ ಇಬ್ಬರು ಮಲಗೋ ಅಗಲ ಉಳಿಯೋದು ಕಷ್ಟ. ಬಿಚ್ಚಿ ಮನೆಯಲ್ಲಿಡೋದೇ ದಾರಿ.

ಖಾತಾ_ನಕಲು
ಬಿಚ್ಚೋ ಮುಂಚೆ ಓದಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಮಾರ್ಪಾಡು ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೀಟಿನ ಸಂಖ್ಯೆ ಆರ್‌ಸಿಯಲ್ಲಿದೆ.

ಧಾರವಾಡದಂವ
ಸೀಟ್ ತಗದು ಮನ್ಯಾಗ ಇಟ್ರ ಮಾರ್ಪಾಡು ಹೆಂಗ್ ಆಕ್ಕೈತ್ರಿ? ಸೋಮವಾರ ವಾಪಸ್ ಹಾಕ್ತಾರಲ್ಲ.

ಖಾತಾ_ನಕಲು
ವಾದಕ್ಕೆ ಸರಿ, ಆದ್ರೆ ಆ ವಾದ ರಸ್ತೆ ಬದಿ ನಿಂತು ಮಾಡ್ಬೇಕು, ಅಪಘಾತ ಆದ್ರೆ ವಿಮೆಯ ಸರ್ವೇಯರ್ ಮುಂದೆ ಮಾಡ್ಬೇಕು. ಸ್ಟ್ರಾಪು ಬಿಚ್ಚಿದ್ರೆ ಮಂಚ ಹೊರಗೆ ಬರೋ ಹಾಗಿದ್ರೆ ಅದು ಲಗೇಜು. ಸೀಟು ಬಿಚ್ಚಿದ ಗಾಡಿ ಹಾಗಲ್ಲ. ಬಿಚ್ಚೋದೇ ಆದ್ರೆ ಮುಂಚೆ ವಿಮೆ ಕಂಪನಿಗೆ ಮೇಲ್ ಹಾಕಿ ಬರವಣಿಗೆಯಲ್ಲಿ ಉತ್ತರ ಇಟ್ಕೊಳ್ಳಿ. ಇಲ್ಲಾಂದ್ರೆ ಒಂದು ಬದಿ ಸೀಟು ಮಾತ್ರ ಎತ್ತಿ ಕಟ್ಟಿ, ಇನ್ನೊಂದನ್ನ ಹಾಗೇ ಬಿಟ್ಟು, ಒಬ್ಬರಿಗೆ ಅಗಲವಾದ ಮಂಚ ಮಾಡಿ, ಇನ್ನೊಬ್ಬರು ಹೊರಗೆ ಟೆಂಟಲ್ಲಿ. ಪೂರ್ತಿ ಒಲೆ, ಸಿಂಕು ಕೂರಿಸಿದ ಗಾಡಿ ಬೇಕಾದ್ರೆ ಮೋಟಾರ್ ಕ್ಯಾರವಾನ್ ಅಂತ ಬೇರೆ ವರ್ಗವೇ ಇದೆ, ಅದಕ್ಕೆ ಎಐಎಸ್ 124 ಮಾನದಂಡ.

ಮಲೆನಾಡ_ಕೊಡೆ
ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಬರೋರು ಇದನ್ನ ಓದಿ. ಗ್ಲಾಸು ಪೂರ್ತಿ ಏರಿಸಿ ಇಬ್ಬರು ಮಲಗಿದ್ರೆ ಬೆಳಗ್ಗೆ ಅರ್ಧ ಲೀಟರ್ ಹತ್ತಿರ ನೀರು ಗಾಳಿಗೆ ಸೇರಿರುತ್ತೆ. ಅದು ಗ್ಲಾಸಿನ ಮೇಲೆ, ತಗಡಿನ ಮೇಲೆ, ಹಾಸಿಗೆ ಅಡಿ ಹನಿಯಾಗಿ ಕೂರುತ್ತೆ. ಮೇಲೆ ಮೈ ಬಿಸಿ, ಕೆಳಗೆ ತಣ್ಣನೆ ಪ್ಲೈ, ನಡುವೆ ಗಾಳಿ ಆಡಲ್ಲ. ಹಾಸಿಗೆ ಎತ್ತಿ ನೋಡಿದ್ರೆ ಕಪ್ಪು ಚುಕ್ಕಿ ಬೂಷ್ಟು.

ಮಾಡೋದು ಇಷ್ಟು. ಮಲಗೋ ಹಲಗೆಗಳಿಗೆ 25 ಎಂಎಂ ಹೋಲ್ ಸಾದಿಂದ 150 ಎಂಎಂಗೊಂದು ತೂತು. ಆಧಾರ ಬರೋ ಕಡೆ, ಸ್ಕ್ರೂ ಸಾಲಿನ ಕಡೆ ಬಿಡಿ. ತೂತಿನ ಒಳ ಅಂಚಿಗೂ ಪಿಯು ಕ್ಲಿಯರ್ ಪಾಲಿಶ್ ಎರಡು ಕೋಟು ಹೊಡೀಲೇಬೇಕು, ಪ್ಲೈ ನೀರು ಕುಡಿಯೋದು ಅಂಚಿಂದ. ಅದರ ಮೇಲೆ ಒಂದು ಇಂಚು ರಬ್ಬರೀಕೃತ ತೆಂಗಿನ ನಾರಿನ ಶೀಟು, ಮೇಲೆ ಒಂದೂವರೆ ಇಂಚು 40 ಡೆನ್ಸಿಟಿ ಫೋಮು. ನಾರಿನೊಳಗೆ ಗಾಳಿ ಆಡುತ್ತೆ. ಬರೀ ಫೋಮ್ ಹಾಕಿದ್ರೆ ಸೊಂಟ ಹಲಗೆಗೆ ತಾಗುತ್ತೆ, ಬೂಷ್ಟೂ ಹಿಡಿಯುತ್ತೆ.

ಎರಡು ಎದುರುಬದುರು ಗ್ಲಾಸು ಎರಡೆರಡು ಬೆರಳು ಇಳಿಸಿ, ಮೇಲೆ ರೇನ್ ವೈಸರ್, ಒಳಗಿಂದ ಮ್ಯಾಗ್ನೆಟ್ ಹೊಲಿದ ಸೊಳ್ಳೆ ಪರದೆ.

ಬಸವನಗುಡಿ_ಬಸ್
ಎಸಿ ಹಾಕಿ ಎಂಜಿನ್ ಓಡಿಸಿಕೊಂಡು ಮಲಗೋರಿದ್ದಾರೆ. ದಯವಿಟ್ಟು ಮಾಡ್ಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲಿ ಗೊತ್ತೇ ಆಗಲ್ಲ. ಒಳಗೆ ಒಲೆ ಹಚ್ಚೋದೂ ಅದೇ ಅಪಾಯ. 220 ಗ್ರಾಂ ಬ್ಯೂಟೇನ್ ಕ್ಯಾನಿನ ಮೇಲೆ 50 ಡಿಗ್ರಿ ಮೀರಬಾರದು ಅಂತ ಬರೆದಿರುತ್ತೆ. ಬಿಸಿಲಲ್ಲಿ ನಿಂತ ಗಾಡಿ ಒಳಗೆ ಅದು ಸುಲಭವಾಗಿ ದಾಟುತ್ತೆ. ಗಾಡಿ ಬಿಟ್ಟು ಹೋಗೋವಾಗ ಕ್ಯಾನು ಇಳಿಸಿ ನೆರಳಲ್ಲಿಡಿ.

ಸಂಪಿಗೆ_ರಸ್ತೆ
ವಿಷಯ ಬೇರೆ, ಆದ್ರೂ ಹೇಳ್ತೀನಿ. ಗುಂಡ್ಲುಪೇಟೆ ದಾಟಿ ವಯನಾಡಿಗೆ ಹೋಗೋರು ಬಂಡೀಪುರದ ಎನ್‌ಎಚ್ 766 ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತೆ ಅನ್ನೋದು ನೆನಪಿಡಿ. ಮಂಚ ಇದೆ ಅಂತ ಕಾಡಿನ ಅಂಚಲ್ಲಿ ಗಾಡಿ ನಿಲ್ಲಿಸಿ ಮಲಗೋದು ಬೇಡ. ಊರೊಳಗಿನ ಪೆಟ್ರೋಲ್ ಬಂಕು, ಹೋಂಸ್ಟೇ ಅಂಗಳ ಕೇಳಿ.

ಚಕ್ರ_ಚಾಪೆ
ಧನ್ಯವಾದ. ಸಾಮಾನು ಎಲ್ಲಿ ಅನ್ನೋದು ಉಳೀತು. ಹಾಗೇ ಕಿರಿಕಿರಿ ಸದ್ದು ಬರದ ಹಾಗೆ ಏನು ಮಾಡೋದು?

ನಟ್_ಬೋಲ್ಟ್
ಪ್ಲೈಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್. ಪ್ಯಾನಲ್ ಸಾ ಇರೋ ಅಂಗಡಿಯಲ್ಲೇ ಕೊಯ್ಸಿ, ಕೈ ಗರಗಸದಲ್ಲಿ ನಾಲ್ಕು ತುಂಡೂ ಒಂದೇ ಅಳತೆಗೆ ಬರಲ್ಲ. ಬ್ಲೇಡಿಗೆ 3 ಎಂಎಂ ಹೋಗುತ್ತೆ ಅಂತ ಲೆಕ್ಕ ಹಿಡೀರಿ. ನಟ್ಟು ಬೋಲ್ಟು, ಸ್ಟ್ರಾಪು ಎಸ್‌ಪಿ ರೋಡು, ಕಲಾಸಿಪಾಳ್ಯ. ಹಾಸಿಗೆ ಕವರ್ ಹೊಲಿಸೋಕೆ ಜೆಸಿ ರೋಡಿನ ಸೀಟ್ ಕವರ್‌ನವರು.

ಸದ್ದಿಗೆ: ಪ್ಲೈ ಪ್ಲೈಗೆ, ಪ್ಲೈ ತಗಡಿಗೆ ನೇರ ತಾಗೋ ಕಡೆ ಎಲ್ಲ 3 ಎಂಎಂ ಇಪಿಡಿಎಂ ರಬ್ಬರ್ ಟೇಪು. ಎರಡು ಪೆಟ್ಟಿಗೆ ಅಕ್ಕಪಕ್ಕ ಸೇರೋ ಕಡೆ ಎಂ6 ಬೋಲ್ಟಿಂದ ಒಂದಕ್ಕೊಂದು ಬಿಗೀರಿ, ಮುಂದೊಂದು ಹಿಂದೊಂದು. ಅರ್ಧ ಸದ್ದು ಬರೋದು ಅಲ್ಲಿಂದ. ಮಿಕ್ಕರ್ಧ ಸ್ಟೀಲ್ ಪಾತ್ರೆಯದ್ದು, ನಡುನಡುವೆ ಬಟ್ಟೆ ಇಡಿ.

ಹಿಂದಿನ_ಸೀಟು
ಕವರ್ ಹೊಲಿಸೋವಾಗ ಹಾಸಿಗೆನೂ ನಾಲ್ಕು ತುಂಡಾಗೇ ಇರ್ಲಿ. ಮುಚ್ಚಳ ತೆಗೆಯೋಕೆ ಒಂದು ತುಂಡು ಮಡಚಿದ್ರೆ ಸಾಕು. ಕವರಿನ ಅಡಿ ಬದಿಗೆ ಮೆಶ್ ಬಟ್ಟೆ ಹಾಕ್ಸಿ, ರೆಕ್ಸಿನ್ ಬೇಡ.

ಟಿಂಬರ್_ಯಾರ್ಡ್
ಕೊಯ್ಸೋ ಮುಂಚೆ ವೀಲ್ ಆರ್ಚ್ ನಡುವಿನ ಅಗಲ, ಮಡಚಿದ ಸೀಟಿನ ಎತ್ತರ, ಹಿಂಬಾಗಿಲ ಬಾಯಿಯ ಅಗಲ ಮೂರೂ ಇಲ್ಲಿ ಹಾಕಿ. ಕಟಿಂಗ್ ಪಟ್ಟಿ ಬರೆದು ಕೊಡ್ತೀನಿ.